ಗಲ್ಲಾದ ಮೇಲಿನ ವಚನ, ಗಲ್ಲಾದೊಳಗಿನ ಲೆಕ್ಕ: ಏಳು ‘ಬೇಡ’ಗಳನ್ನು ದಿನಾ ನಡೆಸುವುದು ಹೇಗೆ

ಬಾಗಲಕೋಟೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ಅಡತ (ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ) ಅಂಗಡಿಯಲ್ಲಿ, ಗಲ್ಲಾದ ಮೇಲೆ ಬಸವಣ್ಣನ ಫೋಟೋ ಇತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ವಚನ: ‘ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ.’ ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಓದುತ್ತಿದ್ದೆ. ಬಾಯಿಪಾಠ ಆಗಿತ್ತು. ಬಾಯಿಪಾಠ ಆಗಿದ್ದಕ್ಕೇ ಏನೋ, ಅದು ನನಗೇ ಹೇಳಿದ ಮಾತು ಅಂತ ಅನಿಸುತ್ತಿರಲಿಲ್ಲ.

ಆಗ ನಾನು ಊರ ಜಾತ್ರೆ ಕಮಿಟಿಯ ಖಜಾಂಚಿ ಕೂಡ ಆಗಿದ್ದೆ. ಒಂದು ಶನಿವಾರ ಸಂಜೆ ಅಂಗಡಿಯಲ್ಲಿ ಹಮಾಲರ ಪಗಾರಕ್ಕೆ ರೊಕ್ಕ ಕಡಿಮೆ ಬಿತ್ತು. ಸಾವ್ಕಾರರು ಊರಲ್ಲಿರಲಿಲ್ಲ. ನನ್ನ ಗಾಡಿಯ ಡಿಕ್ಕಿಯಲ್ಲಿ ಜಾತ್ರೆ ಪಟ್ಟಿಯ, ಅಂದರೆ ಊರವರಿಂದ ಎತ್ತಿದ ವಂತಿಗೆಯ ಚೀಲ ಇತ್ತು. ಆರು ಸಾವಿರ ತೆಗೆದೆ. ಸೋಮವಾರ ಅಷ್ಟನ್ನೂ ವಾಪಸ್ ಇಟ್ಟೆ. ಆದರೆ ನಡುವೆ ರವಿವಾರ ಇತ್ತಲ್ವಾ? ಅವತ್ತು ಡೊಳ್ಳಿನ ಮೇಳದ ಹಿರಿಯರೊಬ್ಬರು ಮುಂಗಡ ಕೇಳಲು ಮನೆಗೆ ಬಂದರು. ಹನ್ನೆರಡು ಕಿಲೋಮೀಟರ್ ಸೈಕಲ್ ತುಳಿದಿದ್ದರು. ‘ಇನ್ನೂ ಪಟ್ಟಿ ಕೂಡಿಲ್ಲರಿ ಕಾಕಾ, ನಾಡಿದ್ದು ಬರ್ರಿ’ ಅಂದೆ. ಅವರು ಒಂದು ಚೆರಿಗೆ ನೀರು ಕುಡಿದರು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು, ಏನೂ ಅನ್ನದೆ ಸೈಕಲ್ ತಿರುಗಿಸಿದರು. ‘ಕಳಬೇಡ’ ಮುರಿದ ಮರುದಿನವೇ ‘ಹುಸಿಯ ನುಡಿಯಲು ಬೇಡ’ ಕೂಡ ಮುರಿದಿದ್ದೆ.

ಆ ಸಂಜೆ ನಾನು ಕೆಟ್ಟ ಮನಸ್ಸಿನಿಂದ ಚೀಲಕ್ಕೆ ಕೈ ಹಾಕಿರಲಿಲ್ಲ. ಚೀಲ ಕೈಗೆ ಸಿಗುವ ಹಾಗಿತ್ತು, ಅಷ್ಟೇ. ಅಂದಿನಿಂದ ನಾನು ಹಿಡಿದಿರುವ ಒಂದೇ ಮಾತು: ನೇಮವನ್ನು ಕಷ್ಟ ಬರುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಅದೂ ಚೀಲದಲ್ಲಿ, ಬೀಗದಲ್ಲಿ, ರಸೀದಿ ಪುಸ್ತಕದಲ್ಲಿ ಕಾಣುವ ಹಾಗೆ ಮಾಡಬೇಕು. ಹೇಗೆ ಮಾಡಬಹುದು ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ನೀವು ಗುಡಿಯ ಕಮಿಟಿಯಲ್ಲಿರಲಿ, ಸ್ತ್ರೀಶಕ್ತಿ ಸಂಘದಲ್ಲಿರಲಿ, ಅಂಗಡಿಯಲ್ಲೋ ಆಫೀಸಿನಲ್ಲೋ ಕೆಲಸ ಮಾಡುತ್ತಿರಲಿ, ಉಪಯೋಗಕ್ಕೆ ಬರುತ್ತದೆ.

ಮೊದಲು: ಒಂದು ವಾರ ಬರೆದು ನೋಡಿ

ಏಳನ್ನೂ ಒಂದೇ ದಿನ ಹಿಡಿಯಲು ಹೋಗಬೇಡಿ. ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ರಾತ್ರಿ ಊಟ ಆದ ಮೇಲೆ ಐದು ನಿಮಿಷ ಕೂತು, ಇವತ್ತು ಎಲ್ಲಿ ತಪ್ಪಿದೆ ಅಂತ ಒಂದೆರಡು ಸಾಲು ಬರೆಯಿರಿ. ‘ಸಿಟ್ಟು ಮಾಡಿದೆ’ ಅಂತ ಬರೆದರೆ ಪ್ರಯೋಜನ ಇಲ್ಲ. ‘ಮಧ್ಯಾಹ್ನ ಮೂರಕ್ಕೆ, ಹಸಿದಿದ್ದಾಗ, ಹುಡುಗನ ಮೇಲೆ ಚೀರಿದೆ’ ಅಂತ ಬರೆಯಿರಿ. ವಾರ ಆದ ಮೇಲೆ ಓದಿದರೆ ಒಂದೇ ತಪ್ಪು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿಂದ ಶುರು ಮಾಡಿ. ಈ ನೋಟ್‌ಬುಕ್ ಯಾರಿಗೂ ತೋರಿಸಬೇಕಾಗಿಲ್ಲ.

ಕಳಬೇಡ: ಮೂರು ರೊಕ್ಕಕ್ಕೆ ಮೂರು ಜಾಗ

ನಮ್ಮ ಕಡೆ ಒಬ್ಬನೇ ಮನುಷ್ಯನ ಕೈಯಲ್ಲಿ ಮೂರು ತರದ ರೊಕ್ಕ ಓಡಾಡುತ್ತದೆ. ಮನೆಯದು, ಕೆಲಸದ್ದು, ಊರದ್ದು. ಕಳ್ಳತನ ಅಂದರೆ ರಾತ್ರಿ ಕನ್ನ ಹಾಕುವುದು ಅಂತ ನಾವು ತಿಳಿದಿದ್ದೇವೆ. ನಾನು ನೋಡಿದ ಹೆಚ್ಚಿನ ಕಳ್ಳತನಗಳು ಕೈಗಡದಿಂದ ಶುರುವಾದವು. ‘ನಾಳೆ ಇಡ್ತೀನಿ’ ಅನ್ನುವುದು ವಾರ ಆಗುತ್ತದೆ, ಹಬ್ಬ ಬರುತ್ತದೆ, ಮಗಳ ಫೀ ಬರುತ್ತದೆ. ಆಮೇಲೆ ಲೆಕ್ಕ ಕೇಳಿದವರ ಮೇಲೆ ಸಿಟ್ಟು ಬರುತ್ತದೆ.

ಊರ ರೊಕ್ಕಕ್ಕೆ ಬೇರೆ ಬಣ್ಣದ ಚೀಲ ಇಡಿ. ನನ್ನದು ಹಸಿರು. ಅದನ್ನು ಅಂಗಡಿಗೆ ಒಯ್ಯಬೇಡಿ, ಅಂಗಡಿ ಚೀಲವನ್ನು ಗುಡಿಗೆ ತರಬೇಡಿ. ಪಟ್ಟಿ ಎತ್ತಲು ಹೊರಟರೆ ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ, ಒಬ್ಬರು ರೊಕ್ಕ ಹಿಡಿಯಲಿ, ಇನ್ನೊಬ್ಬರು ರಸೀದಿ ಬರೆಯಲಿ. ರಸೀದಿ ಪುಸ್ತಕಕ್ಕೆ ಅಚ್ಚಿನ ನಂಬರ್ ಇರಲಿ, ಎಷ್ಟು ಪುಸ್ತಕ ಅಚ್ಚು ಹಾಕಿಸಿದಿರಿ ಅನ್ನುವುದು ಕಮಿಟಿಯ ಠರಾವಿನಲ್ಲಿ ಬರೆದಿರಲಿ. ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ. ‘ಇರ್ಲಿ ಬಿಡಪ್ಪ, ದೇವರ ರೊಕ್ಕಕ್ಕೆ ಯಾಕ ಚೀಟಿ’ ಅಂತ ದೊಡ್ಡವರು ಅನ್ನುತ್ತಾರೆ. ‘ಯವ್ವಾ, ಚೀಟಿ ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ’ ಅಂತ ಹೇಳಿ ಕೈಗೆ ಕೊಡಿ. ಈ ಮಾತನ್ನು ನಾನು ಎಷ್ಟೋ ಕಟ್ಟೆಗಳ ಮೇಲೆ ಹೇಳಿದ್ದೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಕೂಡಿದ ರೊಕ್ಕ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಖಾತೆ ಕಮಿಟಿಯ ಹೆಸರಲ್ಲಿ ಇರಬೇಕು, ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರು ಆಗಿರಬಾರದು. ಈಗ ಫೋನಿನಲ್ಲೇ ದೇಣಿಗೆ ಹಾಕುತ್ತಾರಲ್ಲ, ಅಲ್ಲಿ ಜಾಸ್ತಿ ಎಚ್ಚರ ಬೇಕು. ಕ್ಯೂಆರ್ ಕೋಡ್ ಕಮಿಟಿ ಖಾತೆಯದ್ದೇ ಇರಲಿ. ‘ಸದ್ಯಕ್ಕೆ ನನ್ನ ನಂಬರಿಗೆ ಹಾಕ್ರಿ’ ಅನ್ನುವ ಮಾತು ನಿಮ್ಮ ಬಾಯಿಂದ ಬರಲೇಬಾರದು. ಹುಂಡಿ ಒಡೆಯುವಾಗ ಐದಾರು ಜನ ಸುತ್ತ ಕೂಡಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ, ಎಣಿಸಿದ ಮೊತ್ತ ಅಲ್ಲೇ ಬರೆದು ಎಲ್ಲರೂ ಸಹಿ ಮಾಡಿ.

ಜಾತ್ರೆ ಮುಗಿದ ಹದಿನೈದು ದಿನದೊಳಗೆ ಲೆಕ್ಕ ಓದಿ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ಅಂತ ಮಾಡುತ್ತಾರೆ, ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡುವ ಸಭೆ ಅದು. ಗುಡಿಗೂ ಅದೇ ತರ ಮಾಡಬಹುದು. ಬರೀ ನೋಟಿಸ್ ಅಂಟಿಸಿದರೆ ಓದು ಬಾರದವರಿಗೆ ತಲುಪಲ್ಲ. ಮೈಕಿನಲ್ಲಿ ಓದಿ. ಪೆಂಡಾಲಿಗೆ ಎಷ್ಟು, ಗೋಧಿ ಹುಗ್ಗಿಯ ಬೆಲ್ಲಕ್ಕೆ ಎಷ್ಟು, ಉಳಿದಿದ್ದು ಎಷ್ಟು, ಎಲ್ಲವೂ ಬರಲಿ. ನಾನು ಮೊದಲ ಸಲ ಓದಿದಾಗ ಕೈ ನಡುಗುತ್ತಿತ್ತು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ‘ನನ್ನ ಐವತ್ತು ಬಂದೈತೇನು?’ ಅಂತ ಕೇಳಿದರು. ರಸೀದಿ ನಂಬರ್ ಹುಡುಕಿ ಓದಿ ಹೇಳಿದೆ. ಅಷ್ಟಕ್ಕೆ ಮೂರು ನಿಮಿಷ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.

ಕಮಿಟಿ ದೊಡ್ಡದಾಗಿದ್ದರೆ, ವರ್ಷವಿಡೀ ರೊಕ್ಕ ಓಡಾಡುತ್ತಿದ್ದರೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಮಾಡಿಸಿ. ಏಳು ಜನ ಇದ್ದರೆ ಸಾಕು. ವರ್ಷಕ್ಕೊಮ್ಮೆ ಸಭೆ ಕರೆಯುವುದು, ಲೆಕ್ಕ ತೋರಿಸುವುದು ಆಗ ನಿಮ್ಮ ಇಷ್ಟಕ್ಕೆ ಬಿಟ್ಟ ಮಾತಾಗಿ ಉಳಿಯುವುದಿಲ್ಲ.

ಕೊಲಬೇಡ ಬಗ್ಗೆ ಎರಡೇ ಮಾತು. ಹರಕೆಯ ಹೆಸರಲ್ಲಿ ಗುಡಿಯ ಮುಂದೆ ಪ್ರಾಣಿ ಬಲಿ ಕೊಡುವುದನ್ನು ನಮ್ಮ ರಾಜ್ಯದಲ್ಲಿ 1959ರ ಕಾಯ್ದೆಯೇ ತಡೆದಿದೆ. ಜಾತ್ರೆಯ ದಿನ ಜಗಳ ಮಾಡುವ ಬದಲು ತಿಂಗಳ ಮೊದಲೇ ಹರಕೆ ಹೊತ್ತ ಮನೆಗಳಿಗೆ ಹೋಗಿ ಕೂತು ಮಾತಾಡಿ.

ಹುಸಿಯ ನುಡಿಯಲು ಬೇಡ: ತಕ್ಕಡಿಯ ಮುಂದೆ

ದಿನದಲ್ಲಿ ಅತಿ ಹೆಚ್ಚು ಸುಳ್ಳು ಹುಟ್ಟುವುದು ಕೆಲಸದ ಜಾಗದಲ್ಲಿ. ನನಗೆ ಗೊತ್ತಿರುವ ಜಾಗ ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆ, ಅಲ್ಲಿಂದಲೇ ಹೇಳುತ್ತೇನೆ. ರೈತ ಉಳ್ಳಾಗಡ್ಡಿ ಚೀಲ ಇಳಿಸುತ್ತಾನೆ. ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾನೆ. ತೂಕದಲ್ಲಿ ‘ಸೂಟು’ ಅಂತ ಒಂದೆರಡು ಕಿಲೋ ಮುರಿದರೆ, ಅಚ್ಚಿನ ಬಿಲ್ಲಿನ ಬದಲು ಬಿಳಿ ಚೀಟಿ ಕೊಟ್ಟರೆ, ಅವನಿಗೆ ಜಗಳ ಮಾಡುವ ಶಕ್ತಿ ಇರಲ್ಲ. ಅಡತದ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತ ಅಲ್ಲ. ಕಾನೂನು ಹಾಗೇ ಇದೆ. ಆದರೂ ಬಿಳಿ ಚೀಟಿಯಲ್ಲಿ ಏನು ಬೇಕಾದರೂ ಮುರಿಯಬಹುದು.

ಅಂಗಡಿ ನಿಮ್ಮದೇ ಆಗಿದ್ದರೆ ಇಷ್ಟು ಮಾಡಿ. ತೂಕದ ಯಂತ್ರದ ಅಂಕಿ ರೈತನ ಕಡೆಗೆ ಕಾಣುವ ಹಾಗೆ ತಿರುಗಿಸಿ ಇಡಿ. ಚೀಲ ಇಡುವ ಮೊದಲು ಸೊನ್ನೆ ಇದೆ ಅಂತ ಅವನಿಗೆ ತೋರಿಸಿ. ಖಾಲಿ ಚೀಲದ ತೂಕ ಅಂದಾಜಿಗೆ ಮುರಿಯಬೇಡಿ, ಒಂದು ಚೀಲ ತೂಗಿ ತೋರಿಸಿ. ಕಾನೂನು ಮಾಪನ ಇಲಾಖೆಯಿಂದ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಆ ಪ್ರಮಾಣಪತ್ರವನ್ನು ಗೋಡೆಗೆ ಹಾಕಿ. ಬಿಲ್ಲನ್ನು ಕೈಗೆ ಕೊಡುವಾಗ ಒಂದು ಸಲ ಓದಿ ಹೇಳಿ.

ಅಂಗಡಿ ನಿಮ್ಮದಲ್ಲ, ನೀವು ಬರೀ ಗುಮಾಸ್ತ ಅಂದರೆ? ಇದೇ ಕಷ್ಟದ ಜಾಗ. ತಪ್ಪು ಅಂಕಿ ಬರೆ ಅಂತ ಹೇಳಿದವರಿಗೆ ಉಪದೇಶ ಮಾಡಲು ಹೋಗಬೇಡಿ. ಪೆನ್ನು ಅವರ ಮುಂದೆ ಇಟ್ಟು, ‘ಸಾವ್ಕಾರ್ರ, ಇದೊಂದು ನೀವೇ ಬರೀರಿ, ನನ್ನ ಅಕ್ಷರದಾಗ ಬ್ಯಾಡ’ ಅನ್ನಿ. ದನಿ ಏರಿಸಬೇಡಿ. ನಾನು ಹೀಗಂದಾಗ ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಆ ಚೀಟಿಯನ್ನು ಹರಿದು ಹಾಕಿದರು. ಎಲ್ಲರೂ ಹರಿಯುತ್ತಾರೆ ಅಂತ ನಾನು ಹೇಳಲಾರೆ, ಕೆಲಸವೂ ಹೋಗಬಹುದು. ಅದಕ್ಕೇ ಮೂರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಕೂಡಿಡಿ. ಹೊಟ್ಟೆಪಾಡು ಒಬ್ಬರದೇ ಕೈಯಲ್ಲಿದ್ದರೆ ‘ಆಗಲ್ಲ’ ಅನ್ನಲು ಬಾಯಿ ಬರುವುದಿಲ್ಲ. ಈ ಉಳಿತಾಯವನ್ನು ಕೂಡ ನಾನು ಧರ್ಮದ ಕೆಲಸ ಅಂತಲೇ ಎಣಿಸುತ್ತೇನೆ.

ಸರ್ಕಾರಿ ಆಫೀಸಿನಲ್ಲಿರುವವರಿಗೆ ಚಾ ಕಾಸು, ದೀಪಾವಳಿ ಡಬ್ಬಿ ಬರುತ್ತವೆ. ನಿಮ್ಮ ಮೇಜಿನ ಮೇಲೆ ಫೈಲ್ ಇರುವವರಿಂದ ಏನೂ ತಗೊಳ್ಳಬೇಡಿ. ‘ಅಣ್ಣಾರ, ತಪ್ಪ ತಿಳೀಬ್ಯಾಡ್ರಿ, ನಿಮ್ಮ ಕೆಲಸ ಹಂಗೂ ಆಗ್ತೈತಿ’ ಅಂದರೆ ಸಾಕು. ಮುಖ್ಯವಾಗಿ, ಯಾವ ತಾರೀಖಿಗೆ ಆಗುತ್ತದೆ ಅಂತ ಹೇಳಿ. ‘ನಾಳೆ ಬಾ’ ಅನ್ನುವುದು ನಮ್ಮಲ್ಲಿ ಎಲ್ಲರೂ ಆಡುವ ಸುಳ್ಳು, ದರ್ಜಿಯಿಂದ ಹಿಡಿದು ದೊಡ್ಡ ಆಫೀಸಿನ ತನಕ. ಆಗುವ ದಿನ ಗೊತ್ತಿದ್ದರೆ ಅದನ್ನು ಹೇಳಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಫೋನ್ ಮಾಡಿ ಕೇಳ್ರಿ, ಸುಮ್ನೆ ಬಸ್ ಚಾರ್ಜ್ ಹಾಕಿ ಬರಬ್ಯಾಡ್ರಿ’ ಅನ್ನಿ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆ ನಿಮಗೆ ಗೊತ್ತಿರಬಹುದು. ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ‘ಈಸಕ್ಕಿಯಾಸೆ ನಿಮಗೇಕೆ?’ ಅಂತ ಕೇಳಿದಳು ಲಕ್ಕಮ್ಮ, ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಆದರೂ ಅವಳು ನಿಲ್ಲಿಸಿ ಕೇಳಿದಳು. ನಿಮ್ಮ ಮನೆಯಲ್ಲೂ ಹಾಗೆ ಕೇಳುವವರು ಒಬ್ಬರು ಬೇಕು. ಹೆಂಡತಿಗೋ ಗಂಡನಿಗೋ ನಿಮ್ಮ ಪಗಾರ ಎಷ್ಟು ಅಂತ ಸರಿಯಾಗಿ ಹೇಳಿರಿ. ಆಗ ಮನೆಗೆ ಬಂದ ಜಾಸ್ತಿ ರೊಕ್ಕ ಅವರ ಕಣ್ಣಿಗೆ ಬೀಳುತ್ತದೆ.

ಮುನಿಯಬೇಡ: ಲೆಕ್ಕ ಕೇಳಿದಾಗ

ಬಸವಣ್ಣ ಬಿಜ್ಜಳನ ಭಂಡಾರಿ. ಅಂದರೆ ಅವನದೂ ಖಜಾಂಚಿ ಕೆಲಸವೇ. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಅಂತ ಚಾಡಿ ಹೋಯಿತು, ರಾಜ ಲೆಕ್ಕ ಕೇಳಿದ, ತೆರೆದು ಎಣಿಸಿದಾಗ ಒಂದು ಹೊನ್ನೂ ಕಡಿಮೆ ಇರಲಿಲ್ಲ ಅಂತ ಕತೆ ಹೇಳುತ್ತದೆ. ‘ಹೊನ್ನಿನೊಳಗೊಂದೊರೆಯ, ಸೀರೆಯೊಳಗೊಂದೆಳೆಯ’ ನನಗೆ ಬೇಕು ಅಂದಿದ್ದರೆ ನಿಮ್ಮಾಣೆ ಅಂತ ಬಸವಣ್ಣ ಅನ್ನುತ್ತಾನಲ್ಲ, ಇಳಕಲ್ಲಿನ ಮಗ್ಗದ ಮನೆಯವರಿಗೆ ಒಂದೆಳೆ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಕೇಳಿದರೆ ನಮಗೆ ಯಾಕೆ ಸಿಟ್ಟು ಬರುತ್ತದೆ? ‘ನನ್ನ ಮ್ಯಾಲ ನಂಬಿಕಿ ಇಲ್ಲೇನು’ ಅಂತ. ಕೇಳುವವನಿಗೆ ಕೇಳುವ ಹಕ್ಕಿದೆ ಅಂತ ಮೊದಲೇ ಒಪ್ಪಿಕೊಂಡುಬಿಡಿ. ಪುಸ್ತಕ ಯಾವಾಗಲೂ ತೋರಿಸುವ ಹಾಗೆ ಇರಲಿ. ಯಾರಾದರೂ ಕೇಳಿದರೆ ‘ಬರ್ರಿ, ಕೂಡ್ರಿ’ ಅಂತ ಹೇಳಿ, ಚಾ ತರಿಸಿ, ಪುಸ್ತಕ ಅವರ ಮುಂದೆ ತಿರುಗಿಸಿ ಇಡಿ. ರಾತ್ರಿ ಹತ್ತರ ಮೇಲೆ ಕಮಿಟಿ ಸಭೆ ಮಾಡಬೇಡಿ. ದಣಿದ ಜನ ಸುಮ್ಮಸುಮ್ಮನೆ ಜಗಳ ಆಡುತ್ತಾರೆ. ಜಗಳ ಎದ್ದರೆ ಅವತ್ತು ಠರಾವು ಬರೆಯಬೇಡಿ, ಒಂದು ರಾತ್ರಿ ಬಿಡಿ.

ಅಸಹ್ಯಪಡಬೇಡ: ಪಂಕ್ತಿಯಲ್ಲಿ ಯಾರಿದ್ದಾರೆ?

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಮಾತು. ಬಸವಣ್ಣನ ಕಾಲದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಸಂಬಂಧ ಬೆಳೆದದ್ದಕ್ಕೇ ಅಷ್ಟು ದೊಡ್ಡ ಗಲಭೆ ಆಯಿತು. ಎಂಟುನೂರು ವರ್ಷದ ಮೇಲಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಆದರೂ ಕೆಲವು ಊರುಗಳ ದಾಸೋಹದಲ್ಲಿ ಒಂದು ಓಣಿಯವರು ತಾವಾಗಿಯೇ ದೂರ ಕೂಡುತ್ತಾರೆ. ಯಾರೂ ದೂರ ಕೂಡ್ರಿ ಅಂತ ಹೇಳಿರಲ್ಲ. ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಅದು ರೂಢಿಯಾಗಿದೆ.

ಆದ್ದರಿಂದ ‘ಎಲ್ಲರೂ ಬರ್ರಿ’ ಅಂತ ಮೈಕಿನಲ್ಲಿ ಕೂಗಿದರೆ ಆಗಲ್ಲ. ಮನೆಗೆ ಹೋಗಿ ಕರೆಯಿರಿ. ಅಡುಗೆ ಮಾಡುವವರ ಯಾದಿಯಲ್ಲಿ, ಸೌಟು ಹಿಡಿದು ಬಡಿಸುವವರ ಯಾದಿಯಲ್ಲಿ ಎಲ್ಲ ಓಣಿಯವರ ಹೆಸರೂ ಇರಲಿ. ಊಟಕ್ಕೆ ಕರೆಯುವುದು ಸುಲಭ, ಹಂಡೆಯ ಹತ್ತಿರ ನಿಲ್ಲಿಸುವುದು ಕಷ್ಟ. ಅಲ್ಲಿಂದಲೇ ಶುರು ಮಾಡಿ. ಮೊದಲ ವರ್ಷ ನಾಲ್ಕು ಜನ ಊಟ ಮಾಡದೆ ಎದ್ದು ಹೋಗಬಹುದು. ಹೋಗಲಿ. ನೀವು ಮೊದಲ ಪಂಕ್ತಿಯಲ್ಲೇ ಕೂತು, ಅವರ ಕೈಯಿಂದ ಬಡಿಸಿಕೊಂಡು, ನಿಧಾನಕ್ಕೆ ಉಣ್ಣಿ. ಕಮಿಟಿಯವರು ಹೇಗೆ ಉಣ್ಣುತ್ತಾರೆ ಅಂತ ಊರು ನೋಡುತ್ತಿರುತ್ತದೆ.

ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಡೋಲಿ ಹೊರುವವರಲ್ಲಿ, ಅಲಾಯಿ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಾರೆ. ಈ ರೂಢಿ ಎಲ್ಲಿ ಉಳಿದಿದೆಯೋ ಅಲ್ಲಿ ಕೈಜಾರಿ ಹೋಗದ ಹಾಗೆ ನೋಡಿಕೊಳ್ಳಿ. ಮೊಹರಂ ಪಟ್ಟಿಗೆ ನೀವು ಎಷ್ಟು ಕೊಡುತ್ತೀರೋ ಬರೆದಿಡಿ, ಅದನ್ನು ಕಡಿಮೆ ಮಾಡಬೇಡಿ.

ತನ್ನ ಬಣ್ಣಿಸಬೇಡ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಅಂತ ಪತ್ರ ಬರೆದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ, ಸ್ಮಾರಕ ಕಟ್ಟಬಾರದು ಅಂತ ಮೊದಲೇ ಬರೆದಿಟ್ಟಿದ್ದು ಎಲ್ಲರಿಗೂ ತಿಳಿಯಿತು. ನಾವು ಅಷ್ಟು ದೂರ ಹೋಗಲಾರೆವು. ಆದರೆ ಗುಡಿಗೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸದೆ ಇರಬಹುದು, ಅಲ್ವಾ?

ಇಲ್ಲಿ ಒಂದು ತೊಡಕಿದೆ. ಹೆಸರು ಬೇಡ ಅಂದರೆ ಲೆಕ್ಕ ಮುಚ್ಚಿಟ್ಟ ಹಾಗೆ ಆಗುತ್ತದೆ. ನಾವು ಮಾಡಿಕೊಂಡ ನೇಮ ಇದು: ಕೊಟ್ಟವರ ಹೆಸರು, ಮೊತ್ತ ಎರಡೂ ಲೆಕ್ಕದ ಪುಸ್ತಕದಲ್ಲಿ ಇರುತ್ತವೆ, ಯಾರು ಬೇಕಾದರೂ ನೋಡಬಹುದು. ಆದರೆ ವಸ್ತುವಿನ ಮೇಲೆ, ಗೋಡೆಯ ಮೇಲೆ ಹೆಸರಿಲ್ಲ. ವೇದಿಕೆಯಲ್ಲಿ ಶಾಲು ಹೊದಿಸುವುದು ಅಡುಗೆಯವರಿಗೆ, ಜಾತ್ರೆಯ ಮರುದಿನ ಕಸ ಎತ್ತಿದವರಿಗೆ. ಬಡವರಿಗೆ ಸಹಾಯ ಮಾಡಿದರೆ ಅವರ ಮುಖದ ಫೋಟೋ ಫೋನಿನಲ್ಲಿ ಹಂಚಬೇಡಿ.

ಇದಿರ ಹಳಿಯಲು ಬೇಡ, ಆದರೆ ಸುಮ್ಮನೂ ಇರಬೇಡ

ಈ ಮಾತನ್ನು ತಪ್ಪಾಗಿ ಬಳಸುವವರು ಬಹಳ. ಯಾರಾದರೂ ತಿಂದ ರೊಕ್ಕದ ಬಗ್ಗೆ ಕೇಳಿದರೆ ‘ಮತ್ತೊಬ್ಬರನ್ನ ಹಳೀಬಾರದಪ್ಪ’ ಅಂತ ಬಾಯಿ ಮುಚ್ಚಿಸುತ್ತಾರೆ. ನನ್ನ ಪ್ರಕಾರ ಹಳಿಯುವುದು ಅಂದರೆ ಅವರಿಲ್ಲದಾಗ ಚಾದಂಗಡಿಯಲ್ಲಿ ಆಡುವುದು. ಅವರ ಮುಂದೆಯೇ, ಕಾಗದ ಇಟ್ಟುಕೊಂಡು ಕೇಳುವುದು ಹಳಿಯುವುದಲ್ಲ.

ಹೀಗೆ ಮಾಡಿ. ಮೊದಲು ಒಬ್ಬರೇ ಅವರ ಮನೆಗೆ ಹೋಗಿ ಕೇಳಿ. ‘ಮಾವಾ, 40ನೇ ರಸೀದಿಯಿಂದ 50ರ ತನಕ ಕಾಣಾಕತ್ತಿಲ್ಲ’ ಅಂತ ನಂಬರ್ ಹಿಡಿದು ಕೇಳಿ. ಎಷ್ಟೋ ಸಲ ಪುಸ್ತಕ ಇನ್ನೊಬ್ಬರ ಹತ್ತಿರ ಇರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಉತ್ತರ ಸರಿ ಬರದಿದ್ದರೆ ಕಮಿಟಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಪಂಚಾಯಿತಿ ರೊಕ್ಕ, ಮುಜರಾಯಿ ಗುಡಿಯ ರೊಕ್ಕ ಆಗಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಲಂಚದ ಮಾತಾದರೆ ಲೋಕಾಯುಕ್ತ ಇದೆ. ಇಷ್ಟೆಲ್ಲ ನಡೆಯುವಾಗ ಆ ಮನೆಯಲ್ಲಿ ಸಾವು-ನೋವು ಆದರೆ ಹೋಗಿ ಬನ್ನಿ. ಅವರ ಮಕ್ಕಳ ಮುಂದೆ ಅವರ ಬಗ್ಗೆ ಮಾತಾಡಬೇಡಿ.

ಬಿಟ್ಟುಕೊಡುವ ದಿನ

ಮೂರು ವರ್ಷಕ್ಕಿಂತ ಜಾಸ್ತಿ ಖಜಾಂಚಿ ಆಗಿ ಇರಬೇಡಿ. ನಾನು ಒಂಬತ್ತು ವರ್ಷ ಇದ್ದೆ, ಅದು ತಪ್ಪು. ಎಷ್ಟೇ ಚೊಕ್ಕ ಇದ್ದರೂ ಊರಿನ ಲೆಕ್ಕ ಒಬ್ಬನ ತಲೆಯಲ್ಲಿ ಉಳಿದುಬಿಡುತ್ತದೆ.

ಬಿಡುವಾಗ ಒಂದು ಯಾದಿ ಮಾಡಿ. ಬರೆದ ರಸೀದಿ ಪುಸ್ತಕ ಎಷ್ಟು, ಬರೆಯದ್ದು ಎಷ್ಟು, ಬ್ಯಾಂಕ್ ಪಾಸ್‌ಬುಕ್, ಹುಂಡಿಯ ಬೀಗದ ಕೈ, ಕೊಡಬೇಕಾದ ಬಾಕಿ. ಎರಡು ಪ್ರತಿ ಬರೆದು ಇಬ್ಬರೂ ಸಹಿ ಮಾಡಿ. ನಾನು ಬಿಟ್ಟ ವರ್ಷ ಹೊಸ ಖಜಾಂಚಿ ಹುಡುಗನ ಮುಂದೆ ಹಸಿರು ಚೀಲದ ರೊಕ್ಕ ಎಣಿಸಿ ಇಟ್ಟೆ. ಆಮೇಲೆ ಚೀಲವನ್ನು ಬೋರಲು ಮಾಡಿ, ಒಳಗಿನ ಅಸ್ತರನ್ನು ಹೊರಗೆ ಎಳೆದು ಕೊಡವಿದೆ. ಎರಡು ರೂಪಾಯಿಯ ಒಂದು ನಾಣ್ಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನೂ ಯಾದಿಗೆ ಸೇರಿಸಿ, ಮೊತ್ತ ತಿದ್ದಿ, ಇಬ್ಬರೂ ಮತ್ತೊಮ್ಮೆ ಸಹಿ ಮಾಡಿದೆವು.